ಅಕ್ಕನ ಕಾಲುಂಗುರದ ಕೆಳಗಿನ ಹುಣ್ಣು

ಅಕ್ಕನ ಕಾಲುಂಗುರದ ಕೆಳಗೆ ಹುಣ್ಣಾಗಿದ್ದನ್ನು ನಾನು ನೋಡಿದ್ದೆ, ಯಾರಿಗೂ ಹೇಳಲಿಲ್ಲ. ಇಷ್ಟನ್ನು ಮೊದಲೇ ಒಪ್ಪಿಕೊಂಡರೆ ಉಳಿದದ್ದನ್ನು ಬರೆಯುವುದು ಸುಲಭ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಬಾಯಿ ಬಿಡುವುದಕ್ಕೆ ಓದು ಬೇಕಿಲ್ಲ. ಸಾರಿಗೆ ಉಪ್ಪು ಕಡಿಮೆಯೆಂದು ಬೀಗರ ಮನೆಯಲ್ಲೇ ಹೇಳಿ ಬಂದ ಬಾಯಿ ಇದು. ಮಾತಾಡಲೇಬೇಕಾದ ಹೊತ್ತಿನಲ್ಲಿ ಮಾತ್ರ ಮುಚ್ಚಿಕೊಂಡಿತು.

ನಾನು ಮೈಸೂರಿನಿಂದ ಪರ್ತ್‌ಗೆ ಬಂದದ್ದೇ ಅಕ್ಕನ ಮಂಡಿ ಬದಲಾಯಿಸುವ ಆಪರೇಷನ್ನಿಗೆ. ಅಲ್ಲಿನ ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿ ಅವಳ ಮಗಳು ದೀಪಾಳ ಮನೆ. ಅಕ್ಕನಿಗೆ ಮಂಡಿ ಮಡಚಲಾಗದು, ಆದ್ದರಿಂದ ತನ್ನ ಪಾದ ತನಗೇ ಕಾಣದು. ಹಳೆಯ ಶುಗರ್‌ನಿಂದ ಕಾಲು ಜೋಮು ಹಿಡಿದು, ನೋವೂ ತಿಳಿಯದು. ದಿನವೂ ಮಧ್ಯಾಹ್ನ ಎಣ್ಣೆ ತಿಕ್ಕುತ್ತಿದ್ದವಳು ನಾನು. ಉಂಗುರ ಬೆರಳಿನ ಮಾಂಸದೊಳಗೆ ಹೂತಿತ್ತು, ಕೆಳಗೆ ಹಸಿಹಸಿ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ, ಮೇಲೆ ಕಾಲುಚೀಲ ಹಾಕಿದೆ. ಬೆರಳಿಗೂ ಮಂಡಿಗೂ ನಡುವೆ ಮೊಳದುದ್ದ ಕಾಲು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿಜ ಬೇರೆ. ಅಡಿಲೇಡ್‌ನಲ್ಲಿ ನನ್ನ ಮಗಳ ಕೂಸಿಗೆ ನಾಮಕರಣವಿತ್ತು. ಅಕ್ಕ ಎದ್ದು ಓಡಾಡತೊಡಗಿದ ಮೇಲೆ ನಾನು ಹೊರಡುವುದೆಂದು ಮಾತಾಗಿತ್ತು. ಆಪರೇಷನ್ ಮುಂದೆ ಹೋದರೆ ನನ್ನ ತೊಟ್ಟಿಲೂ ಹೋಯಿತು.

ಆಸ್ಪತ್ರೆಯ ನರ್ಸ್ ಮೊದಲೇ ಫೋನ್ ಮಾಡಿದ್ದಳು. ದೀಪಾ ಕೇಳಿ ಹೇಳುತ್ತಿದ್ದಳು.

"ಅಮ್ಮ, ಮೈಮೇಲೆ ಎಲ್ಲಾದ್ರೂ ಗಾಯ, ಹುಣ್ಣು ಇದ್ಯಾ? ಹಲ್ಲು ನೋವು?"

"ಹಲ್ಲು ಚೆನ್ನಾಗಿದೆ. ಕಾಲು ನಂಗೆಲ್ಲೇ ಕಾಣತ್ತೆ? ಚಿಕ್ಕಮ್ಮನ್ನ ಕೇಳು."

"ಏನೂ ಇಲ್ಲಮ್ಮ. ತಾಳು, ಹಾಲು ಉಕ್ತಿದೆ," ಎಂದು ನಾನು ಅಡುಗೆಮನೆಗೆ ಓಡಿದೆ. ಹಾಲು ಆಗ ಫ್ರಿಜ್ಜಿನಲ್ಲಿತ್ತು.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಒಡವೆಗಳನ್ನೆಲ್ಲ ತೆಗೆಯಬೇಕೆಂದಳು. "ಮದುವೆ ಆದಾಗಿಂದ ತೆಗ್ದಿಲ್ಲ," ಎಂದು ಅಕ್ಕ ಗೊಣಗಿದಳು. ಕಾಲುಚೀಲ ಜಾರಿಸಿದ ನರ್ಸ್ ಹಳದಿ ಬೆರಳು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಭಾರತದಿಂದ ಯಾವುದೋ ಹೊಸ ರೋಗ ಬಂದಿದೆ ಎಂದುಕೊಂಡಿರಬೇಕು. ಸೋಪು ಹಚ್ಚಿ ಉಂಗುರ ಬಿಡಿಸಿದಾಗ ಅದರ ಜೊತೆ ಕೀವೂ ಬಂತು. ಸರ್ಜನ್ ಬಂದು ನೋಡಿ, ಇವತ್ತು ಆಗುವುದಿಲ್ಲ ಎಂದರು.

ಅವರು ಹೇಳಿದ್ದನ್ನು ದೀಪಾ ನಮಗೆ ಬಿಡಿಸಿ ಹೇಳಿದಳು. "ಇಲ್ಲಿರೋ ಇನ್ಫೆಕ್ಷನ್ ರಕ್ತದಲ್ಲಿ ಹೋಗಿ ಮಂಡಿಲಿರೋ ಮೆಟಲ್ ಮೇಲೆ ಕೂತ್ರೆ ಔಷಧಿಗೂ ಬಗ್ಗಲ್ವಂತೆ. ಮತ್ತೆ ಕೊಯ್ದು, ಹಾಕಿದ್ದನ್ನೆಲ್ಲ ತೆಗೀಬೇಕಂತೆ. ಶುಗರ್ ಬೇರೆ ಜಾಸ್ತಿ ಇದೆ. ಗೊತ್ತಾಗ್ದೆ ಮಾಡ್ಬಿಟ್ಟಿದ್ರೆ ಕಾಲೇ..."

ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದನೆಂದು ದೀಪಾಳ ಗಂಡನನ್ನು ಹಿಂದಿನ ವಾರವಷ್ಟೇ ಬೈದಿದ್ದೆ. ಒಂದು ಹನಿ ನೀರು ಭರಣಿಯನ್ನೆಲ್ಲ ಕೆಡಿಸುತ್ತದೆಂದು ಅಳಿಯನಿಗೆ ಉಪದೇಶ ಮಾಡಿದ್ದವಳು, ಅಕ್ಕನ ವಿಷಯದಲ್ಲಿ ಚಮಚ ಒರೆಸುವುದನ್ನೇ ಮರೆತಿದ್ದೆ. ಮರೆತಿದ್ದೆ ಎನ್ನುವುದೂ ಸುಳ್ಳು.

ಕಾರಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಂದೇ ತಪ್ಪು ಕಣೆ, ಉಂಗುರ ಬಿಗಿಯಾದಾಗ್ಲೇ ತೆಗೀಬೇಕಿತ್ತು. ಪಾಪ, ನೀನು ದಿನಾ ತಿಕ್ಕಿದ್ದೇ ಬಂತು. ನೀನು ಅಡಿಲೇಡಿಗೆ ಹೊರಡು. ನನ್ನ ಕಾಲಿಗೋಸ್ಕರ ಮೊಮ್ಮಗು ನಾಮಕರಣ ತಪ್ಪಿಸ್ಕೋಬೇಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು, ನರ್ಸ್ ತೋರಿಸಿಕೊಟ್ಟಂತೆ ಅವಳ ಪಾದ ತೊಳೆದು, ಬೆರಳಿನ ಸಂದಿ ಒರೆಸಿದೆ. ಅರಿಶಿನದ ಬಣ್ಣ ಮಾತ್ರ ಹೋಗಲೊಲ್ಲದು. ತಲೆ ಎತ್ತದೆ, ಆ ಹಳದಿ ಬೆರಳಿಗೇ ಹೇಳುವಂತೆ ಹೇಳಿದೆ:

"ಅಕ್ಕ, ನಾನು ನೋಡಿದ್ದೆ ಕಣೆ. ನಾಮಕರಣ ತಪ್ಪತ್ತೆ ಅಂತ ಸುಮ್ನಿದ್ದೆ. ಅವತ್ತು ಹಾಲೂ ಉಕ್ಕಿರ್ಲಿಲ್ಲ. ತಪ್ಪಾಯ್ತು."