ಏಳಲೊಲ್ಲದ ಕಂಪ್ಯೂಟರ್, ಬಿಡಲೊಲ್ಲದ ನಾನು

ಮನೆಯಲ್ಲಿ ಹಳೆಯ ವಸ್ತುವೊಂದಿದ್ದರೆ ಊರಿನವರಿಗೆಲ್ಲ ಅದರ ಮೇಲೆ ಅಧಿಕಾರ ಬಂದುಬಿಡುತ್ತದೆ. ಹೊಸ ಫ್ರಿಜ್ ತಂದರೆ ಬಂದವರು ದೂರದಿಂದ ನೋಡಿ, ಚೆನ್ನಾಗಿದೆ ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ಹಳೆಯದಾದರೆ ಹಾಗಲ್ಲ. ಬಾಗಿಲು ತೆಗೆದು ನೋಡುತ್ತಾರೆ, ಮಗ್ಗುಲಿಗೆ ತಟ್ಟುತ್ತಾರೆ, ಕೊನೆಗೆ ಹುಬ್ಬೇರಿಸಿ, "ಇದನ್ನ ಇನ್ನೂ ಇಟ್ಕೊಂಡಿದೀರಾ?" ಎನ್ನುತ್ತಾರೆ. ದುರ್ಗಿಗುಡಿಯ ನಮ್ಮ ಮನೆಯ ನಡುಕೋಣೆಯಲ್ಲಿರುವ ನನ್ನ ಕಂಪ್ಯೂಟರ್ ಈ ಮಾತನ್ನು ಕೇಳಿ ಕೇಳಿಯೇ ಹಳೆಯದಾಗಿದೆ. ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ ನಿವೃತ್ತಳಾದ ನಾನು ಒಂದು ಕಾಲಕ್ಕೆ ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ತಂದದ್ದು ಅದು. ಮೈ ಬಿಳಿಯಿದ್ದದ್ದು ಈಗ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದೆ, ನಿಜ. ಹಾಗೆಂದು ಗುಜರಿಗೆ ಹಾಕು ಎಂದವರಿಗೆಲ್ಲ ನನ್ನದು ಒಂದೇ ಉತ್ತರ: ಈ ಮನೆಯಲ್ಲಿ ಬಣ್ಣ ಮಾಸಿದವರನ್ನೆಲ್ಲ ಗುಜರಿಗೆ ಹಾಕುವುದಾದರೆ ಸರದಿ ಕಂಪ್ಯೂಟರಿನಿಂದ ಶುರುವಾಗುವುದಿಲ್ಲ. ಈ ಮಾತು ಹೇಳುವಾಗ ನಾನು ನಮ್ಮ ಯಜಮಾನರ ಕಡೆ ನೋಡುವುದಿಲ್ಲ. ಅವರೇ ತಲೆ ಸವರಿಕೊಳ್ಳುತ್ತಾರೆ.

ಕಂಪ್ಯೂಟರ್ ಏಳುವಾಗ ರಗಳೆ ಮಾಡುವುದು ಹೊಸದೇನಲ್ಲ. ಒಂದು ಸಲ ಕೀಬೋರ್ಡೇ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬರೆದು, ಮುಂದುವರಿಯಲು ಕೀಬೋರ್ಡಿನ ಇಂಥ ಗುಂಡಿ ಒತ್ತಿ ಎಂದು ಅದರ ಕೆಳಗೇ ಅಪ್ಪಣೆ ಮಾಡಿತ್ತು. 'ಗೈರುಹಾಜರಾದವರು ಕೈ ಎತ್ತಿ' ಎನ್ನುವ ಮೇಷ್ಟರುಗಳನ್ನು ನಾನೂ ಕಂಡಿದ್ದೆನಾದ್ದರಿಂದ ಬೆಚ್ಚಲಿಲ್ಲ. ಹಿಂದಿನ ವೈರನ್ನು ಕಿತ್ತು ಮತ್ತೆ ಚುಚ್ಚಿದೆ, ಸರಿಹೋಯಿತು. ಇನ್ನೊಮ್ಮೆ ಒಳಗಿನ ಪುಟ್ಟ ಬ್ಯಾಟರಿ ಸತ್ತು, ದಿನಾ ಬೆಳಿಗ್ಗೆ ತಾನು ಹುಟ್ಟಿದ ವರ್ಷಕ್ಕೇ ಹೋಗಿ ನಿಲ್ಲುತ್ತಿತ್ತು. ಗಡಿಯಾರದ ಅಂಗಡಿಯಿಂದ ಬಿಲ್ಲೆಯಂಥ ಬ್ಯಾಟರಿ ತಂದು ಹಾಕಿದೆ. ಮತ್ತೊಂದು ದಿನ ಡಿಸ್ಕೇ ಇಲ್ಲವೆಂದು ಹಟ ಹಿಡಿಯಿತು. ನಾನು ತೆಂಗಿನಕಾಯಿ ಒಡೆಯುವುದೊಂದು ಬಾಕಿಯಿತ್ತು, ಆಗ ಕಂಡಿತು: ಯಜಮಾನರು ಭಜನೆ ಹಾಡು ತುಂಬಿಸಿದ ಪೆನ್‌ಡ್ರೈವನ್ನು ಹಿಂದೆ ಚುಚ್ಚಿ ಹಾಗೇ ಬಿಟ್ಟಿದ್ದರು. ಪಾಪದ ಯಂತ್ರ, ಭಜನೆಯೊಳಗೆ ತನ್ನ ಬುಡ ಹುಡುಕುತ್ತಿತ್ತು. ಅದನ್ನು ಕಿತ್ತೆಸೆದ ಕೂಡಲೇ ಎದ್ದು ಕೂತಿತು. ಹೀಗೆ ಅದರ ಕಾಯಿಲೆಗಳೆಲ್ಲ ನನಗೆ ಅಂಗೈ ಗೆರೆಯಷ್ಟೇ ಪರಿಚಿತ ಎಂದು ನಾನು ಬೀಗಿಕೊಂಡಿರುವಾಗಲೇ ಅದು ದೊಡ್ಡ ಪೆಟ್ಟು ಕೊಟ್ಟಿತು.

ಕೊಟ್ಟ ಹೊತ್ತೂ ಅಂಥದ್ದು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಒಂದೇ ಸಾಲಿನ ಮನೆಗಳು, ಒಂದೇ ನಲ್ಲಿ, ಒಂದೇ ಬಟ್ಟೆ ಒಗೆಯುವ ಕಲ್ಲು. ಮನೆಮನೆಗೂ ಬೇರೆ ಬೇರೆ ಭಾಷೆ. ಆ ಸಾಲಿನ ಹುಡುಗಿಯರೆಲ್ಲ, ಅಂದರೆ ಈಗಿನ ಅಜ್ಜಿಯರೆಲ್ಲ, ಭಾನುವಾರ ಭದ್ರಾವತಿಯಲ್ಲಿ ಸೇರುವುದೆಂದು ಗೊತ್ತಾಗಿತ್ತು. ನಮ್ಮ ಸಾಲಿನ ಕಥೆಗಳನ್ನೆಲ್ಲ ನಾನು ಈ ಕಂಪ್ಯೂಟರಿನಲ್ಲಿ ವರ್ಷಗಳಿಂದ ಬರೆದಿಟ್ಟಿದ್ದೆ. ನಲ್ಲಿಯ ಜಗಳಗಳು, ಪೊಂಗಲ್ಲಿಗೂ ಯುಗಾದಿಗೂ ಓಡಾಡುತ್ತಿದ್ದ ಪಾತ್ರೆಗಳು, ಸೈರನ್ ಕೂಗಿದರೆ ಒಲೆ ಹಚ್ಚುತ್ತಿದ್ದ ಅಮ್ಮಂದಿರು, ಈಗ ಇಲ್ಲದ ಆ ಅಮ್ಮಂದಿರ ಬೈಗುಳಗಳು ಸಹ. ಅದನ್ನೊಂದು ಪುಟ್ಟ ಪುಸ್ತಕ ಮಾಡಿ ಎಲ್ಲರ ಕೈಗೂ ಕೊಡುತ್ತೇನೆಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಸಾರಿಬಿಟ್ಟಿದ್ದೆ. ಗುರುವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಒಳಗೆ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಕೊಂಚ ತಡೆದು "ಕೀಂ" ಎಂದಿತು. ಮತ್ತೆ "ಕೀಂ". ಕುಕ್ಕರಿನ ಸಿಳ್ಳೆಯಾದರೆ ಎಣಿಸಿ ಇಳಿಸಬಹುದು. ಇದಕ್ಕೆ ಕೊನೆಯೇ ಇಲ್ಲ.

ಮುಚ್ಚಳ ಬಿಚ್ಚಿದೆ, ಧೂಳು ಹೊಡೆದೆ, ಒಳಗಿನ ಉದ್ದನೆಯ ಹಸಿರು ಪಟ್ಟಿಯನ್ನು ಮೆಲ್ಲಗೆ ಕಿತ್ತು ಅದರ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಕೀಂ. ಗೋಡೆಯ ಪ್ಲಗ್ ಬದಲಾಯಿಸಿದೆ. ಕೀಂ. ಪೇಟೆಯ ರಿಪೇರಿ ಅಂಗಡಿಯ ನವೀನನನ್ನು ಮನೆಗೇ ಕರೆಸಿದೆ. ಅವನು ಬಾಗಿಲಲ್ಲೇ ನಿಂತು ಶಬ್ದ ಕೇಳಿ, "ರ‍್ಯಾಮ್ ಹೋಗಿದೆ ಮೇಡಂ," ಎಂದ.

"ರಾಮನೇ ಹೋದ್ಮೇಲೆ ಇನ್ನೇನು ಉಳೀತು ಮಾರಾಯ್ತಿ? ಬಿಟ್ಬಿಡು," ಎಂದರು ಪೇಪರಿನ ಹಿಂದಿನಿಂದ ನಮ್ಮ ಯಜಮಾನರು.

"ರಾಮ ಅಲ್ಲ ಸಾರ್, ರ‍್ಯಾಮ್. ಮೆಮೊರಿ. ಕಂಪ್ಯೂಟರಿಗೆ ನೆನಪು ಇದ್ದಂಗೆ," ಎಂದು ತಿದ್ದಿದ ನವೀನ. "ಈ ಥರದ್ದು ಈಗ ಬರೋದೇ ಇಲ್ಲ. ನಾನು ಡಿಸ್ಕ್ ಬಿಚ್ಕೊಂಡು ಹೋಗಿ ಫೈಲೆಲ್ಲ ಹೊಸ ಲ್ಯಾಪ್‌ಟಾಪಿಗೆ ಹಾಕಿ ಕೊಡ್ತೀನಿ. ಆರಾಮಾಗಿರಿ ಮೇಡಂ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬರೆದದ್ದು ಹಳೆಯ ಕಾಲದ ಕನ್ನಡ ತಂತ್ರಾಂಶದಲ್ಲಿ ಎಂದು ನಾನು ಹೇಳಿದಾಗಲೂ ಅವನು ಅಳುಕಲಿಲ್ಲ. ಅದನ್ನೂ ಹೊಸ ಅಕ್ಷರಕ್ಕೆ ಪರಿವರ್ತಿಸಬಹುದು ಎಂದ. ಹಿಂದೆ ಯಾವಾಗಲೋ ನಾನು ಇ-ಮೇಲಿನಲ್ಲಿ ಕಳಿಸಿದ್ದ ಒಂದು ಪುಟ ಸಿಕ್ಕಿತು. ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದ. ಮೊದಲು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಮೀಸೆ, ಕಿವಿಯ ಕಡುಕು ಹಾಕಿದಂಥ ಏನೋ ಒಂದು ಬಂತು. ಏನೇನೋ ಒತ್ತಿದ ಮೇಲೆ ಅದು ಕನ್ನಡವಾಯಿತು. ನಾನು ಕನ್ನಡಕ ಹಾಕಿಕೊಂಡು ಓದಿದೆ. 'ಭದ್ರಾವತಿ' ಹೋಗಿ 'ಭದಾರ್ವತಿ' ಆಗಿತ್ತು. ನನ್ನ ತವರೂರಿಗೆ ಹಿಂಗಾಲು ಮುಂದೆ ಬಂದಿತ್ತು.

"ಒಂದೆರಡು ಒತ್ತಕ್ಷರ ಅಷ್ಟೇ ಮೇಡಂ, ಓದೋರಿಗೆ ಗೊತ್ತಾಗುತ್ತೆ," ಎಂದ ನವೀನ.

ಇಡೀ ಜೀವಮಾನ ಮಕ್ಕಳ ಕಾಪಿಯಲ್ಲಿ ಒತ್ತಕ್ಷರ ತಿದ್ದಿ ಸವೆದ ನನ್ನ ಎದುರು ಆಡಬಾರದ ಮಾತು ಅದು. ಪುಸ್ತಕದ ತುಂಬ ಹೀಗೆ ಕಾಲು ತಿರುಚಿಕೊಂಡ ಪದಗಳನ್ನು ಭಾನುವಾರದೊಳಗೆ ಹುಡುಕಿ ನೆಟ್ಟಗೆ ಮಾಡುವುದು ಆಗದ ಕೆಲಸ. ಹಾಗೇ ಹಂಚುವುದು ನಾನಿರುವವರೆಗೆ ಆಗದ ಕೆಲಸ. "ನೋಡಪ್ಪ, ಇದು ಎದ್ದೇಳುತ್ತೆ. ಇದರಲ್ಲೇ ತೆರೀತೀನಿ, ಇದರಿಂದಲೇ ಪ್ರಿಂಟ್ ತೆಗೀತೀನಿ," ಎಂದೆ. ನವೀನ ಯಜಮಾನರ ಮುಖ ನೋಡಿದ. ಯಜಮಾನರು ಪೇಪರನ್ನು ಇನ್ನಷ್ಟು ಮೇಲೆತ್ತಿದರು.

ಅಷ್ಟು ಜೋರಾಗಿ ಹೇಳಿದ ಮೇಲೆ ದಾರಿ ಹುಡುಕಲೇಬೇಕಲ್ಲ. ಸೆಲ್ವಿಗೆ ಫೋನ್ ಮಾಡಿದೆ. ಸೆಲ್ವಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ತಮಿಳು ಮನೆಯವಳು, ಈಗಲೂ ಭದ್ರಾವತಿಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ನಾವಿಬ್ಬರೂ ಒಟ್ಟಿಗೆ ಹೋಗಿ ಒಂದೇ ಅಂಗಡಿಯಲ್ಲಿ ಒಂದೇ ಥರದ ಕಂಪ್ಯೂಟರ್ ಕೊಂಡಿದ್ದೆವು. ಅವಳದ್ದು ಯಾವುದೋ ಮಳೆಗಾಲದ ಸಿಡಿಲಿಗೆ ಕರೆಂಟಿನ ಭಾಗ ಸುಟ್ಟು ಸತ್ತಿತ್ತು. ಸತ್ತದ್ದು ಬಿಟ್ಟರೆ ಮಿಕ್ಕಂತೆ ಆರೋಗ್ಯವಾಗಿತ್ತು.

"ಅಯ್ಯೋ ಕಣ್ಣು, ಅದು ಟೇಬಲ್ ಕೆಳಗಡೆ ಇದೆ, ಅದರ ಮೇಲೆ ದಾರದ ಡಬ್ಬ ಇಟ್ಟಿದೀನಿ," ಎಂದಳು ಸೆಲ್ವಿ. "ಒಳಗೆ ಏನ್ ಬೇಕೋ ತಗೋ. ಆದ್ರೆ ಯಾವ್ದು ಏನು ಅಂತ ನನ್ನ ಕೇಳ್ಬೇಡ. ನಿನ್ನ ಪೆಟ್ಟಿಗೇನೂ ಎತ್ಕೊಂಡೇ ಬಂದ್ಬಿಡು ಶಾರೀ, ಇಲ್ಲೇ ಹಾಕಿ ನೋಡೋಣ."

ಶುಕ್ರವಾರ ಸಿಪಿಯು ಪೆಟ್ಟಿಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಬಸ್ ಹತ್ತಿದೆ. ಆಟೋವರೆಗೆ ಹೊತ್ತು ತಂದವರು ಯಜಮಾನರೇ. ಬಿಟ್ಟುಬಿಡು ಎಂಬ ಸಲಹೆಯನ್ನೂ ಅಲ್ಲಿಯವರೆಗೆ ಹೊತ್ತು ತಂದರು. ಕಂಡಕ್ಟರ್ ಅದನ್ನು ಹಿಂದೆ ಇಡಿ ಎಂದ. ಇಡುವುದಿಲ್ಲ ಎಂದೆ. ಹಾಗಾದರೆ ಲಗೇಜು ಎಂದ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಲಗೇಜು ಹಾಕುತ್ತೀಯಾ ಎಂದು ಕೇಳಿದೆ. ಅವನು ಹೊದಿಕೆಯನ್ನೂ ನನ್ನ ವಯಸ್ಸನ್ನೂ ನೋಡಿ, ಏನನ್ನೋ ಲೆಕ್ಕ ಹಾಕಿ, ಮುಂದಿನ ಸೀಟಿಗೆ ಹೋದ. ಪಕ್ಕದಲ್ಲಿ ಕುಂಸಿಯಿಂದ ಮಗಳ ಮನೆಗೆ ಹೊರಟಿದ್ದ ಒಬ್ಬ ಅಜ್ಜಿ ಕೂತಿದ್ದರು. "ದೇವ್ರೇನವ್ವಾ?" ಎಂದು ಕೇಳಿದವರು ಉತ್ತರಕ್ಕೆ ಕಾಯದೆ ಹೊದಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ತಡೆಯಲಿಲ್ಲ. ಯಾರ ಪುಣ್ಯದಿಂದ ಏಳುತ್ತದೆಯೋ ಏಳಲಿ.

ಸೆಲ್ವಿಯ ಅಂಗಡಿಯಲ್ಲಿ ಕತ್ತರಿಸುವ ಮೇಜಿನ ಮೇಲೆ ಎರಡೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ಮಲಗಿಸಿ ಮುಚ್ಚಳ ತೆಗೆದೆವು. ಅಳತೆ ಕೊಡಲು ಬಂದಿದ್ದ ಹೆಂಗಸರು ಅಳತೆ ಮರೆತು ಸುತ್ತ ನಿಂತರು. ಅವಳ ಪೆಟ್ಟಿಗೆಯ ರ‍್ಯಾಮ್ ಪಟ್ಟಿಯನ್ನು ಕಿತ್ತು, ಅಂಚು ಒರೆಸಿ, ನನ್ನದರಲ್ಲಿ ಕೂರಿಸಿದೆ. ಅದು 'ಟಕ್' ಎಂದು ಕಚ್ಚಿಕೊಂಡಿತು. ಸೆಲ್ವಿ "ಮುರುಗಾ" ಎಂದಳು, ನಾನು ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಮೇಜಿನ ಮೇಲಿದ್ದ ಸೆಲ್ವಿಯ ಪರದೆ ಕಪ್ಪು. ಬೆಳಗ್ಗಿನಿಂದ ಹೊತ್ತುಕೊಂಡಿದ್ದ ಕೆಚ್ಚೆಲ್ಲ ಒಂದು ಕ್ಷಣ ಸುಳ್ಳೆನಿಸಿ, ಭಾನುವಾರ ಬರಿಗೈಯಲ್ಲಿ ಅವರೆದುರು ನಿಂತ ಹಾಗೆ ಕಂಡಿತು. ಸತ್ತ ಅಮ್ಮಂದಿರ ಮಾತುಗಳು ಆ ಪೆಟ್ಟಿಗೆಯಲ್ಲಿ ಬಿಟ್ಟರೆ ಇನ್ನೆಲ್ಲೂ ನೆಟ್ಟಗಿರಲಿಲ್ಲ.

"ಕೀಂ ಅನ್ಲಿಲ್ಲ ಅಲ್ವಾ?" ಎಂದಳು ಸೆಲ್ವಿ. "ಕೂಗ್ಲಿಲ್ಲ ಅಂದ್ರೆ ಒಳಗೆ ಸರಿ ಇದೆ ಅಂತ ತಾನೇ? ಏನ್ಡೀ, ಟಿವಿ ವೈರ್ ಹಾಕಿದೀಯಾ?"

ನೋಡಿದರೆ ಪರದೆಯ ವೈರು ಅವಳ ಸತ್ತ ಪೆಟ್ಟಿಗೆಯ ಬೆನ್ನಿಗೇ ಅಂಟಿಕೊಂಡಿತ್ತು. ಬಿಚ್ಚಿ ನನ್ನದಕ್ಕೆ ಸಿಕ್ಕಿಸಿದೆ. ಪರದೆ ಬೆಳಗಿತು. ನಿಧಾನಕ್ಕೆ, ಎದ್ದವರು ಮೈಮುರಿಯುವಷ್ಟು ಹೊತ್ತು ತೆಗೆದುಕೊಂಡು, ನನ್ನ ಕಂಪ್ಯೂಟರ್ ಎದ್ದಿತು. ಅಳತೆಯ ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಕೂಡಲೇ ಮನೆಗೆ ಫೋನ್ ಮಾಡಿ, "ನಿಮ್ಮ ರಾಮ ವಾಪಸ್ ಬಂದ," ಎಂದು ಮಾತ್ರ ಹೇಳಿ ಇಟ್ಟೆ. ಕೆಲವು ಸುಖಗಳನ್ನು ವಿವರಿಸಬಾರದು.

ಪುಸ್ತಕ ತೆರೆಯಿತು. ಭದ್ರಾವತಿ ಭದ್ರಾವತಿಯಾಗಿಯೇ ಇತ್ತು. ಸೆಲ್ವಿ ಸ್ಟೂಲು ಎಳೆದುಕೊಂಡು ಬೆರಳಿಟ್ಟು ಓದತೊಡಗಿದಳು. ಅವಳ ಅಮ್ಮನ ಬೈಗುಳ ಬಂದಲ್ಲಿ ನಕ್ಕಳು, ಮತ್ತೊಮ್ಮೆ ಅದನ್ನೇ ಗಟ್ಟಿಯಾಗಿ ಓದಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಗೆದ್ದೆ ಅಂದುಕೊಂಡೆ. ಮುಂದಿನ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಇದೇನಿದು? ಬಟ್ಟೆ ಕಲ್ಲಿನ ಹತ್ರ ಉಡ ಬಂದಾಗ ನೀನು ಪೊರಕೆ ತಗೊಂಡು ಓಡಿಸ್ದೆ, ನಾನು ಅತ್ಕೊಂಡು ಒಳಗೆ ಓಡ್ದೆ ಅಂತ ಬರ್ದಿದೀಯ?"

"ಹಾಗೇ ಅಲ್ವಾ ಆಗಿದ್ದು?"

"ಅಡಿ ಪಾವೀ! ಓಡಿಸಿದ್ದು ನಾನು! ತಿದ್ದು."

ಆಗುವುದಿಲ್ಲ ಎಂದೆ. ನನಗೆ ಎಲ್ಲ ಚೆನ್ನಾಗಿ ನೆನಪಿದೆ ಎಂದೆ. ಸೆಲ್ವಿ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟಳು. "ನಿನ್ನ ನೆನಪು ಕೈಕೊಟ್ಟು ನನ್ನ ನೆನಪು ಹಾಕಿದ ಮೇಲೆ ತಾನೇ ಈ ಪೆಟ್ಟಿಗೆ ಎದ್ದಿದ್ದು? ಈಗ ಅದು ನಾನು ಹೇಳಿದಂಗೆ ಬರೀಬೇಕು. ಇಲ್ಲಾಂದ್ರೆ ಕೊಡು, ನನ್ನ ಪಟ್ಟಿ ಕಿತ್ಕೋತೀನಿ," ಎಂದು ಪೆಟ್ಟಿಗೆಯೊಳಕ್ಕೆ ಕೈ ಚಾಚಿಯೇಬಿಟ್ಟಳು.

ಬೆದರಿಕೆಗೆ ಬಗ್ಗುವವಳಲ್ಲ ನಾನು. ಆದರೆ ಪಕ್ಕದ ಜೆರಾಕ್ಸ್ ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು. ಕೂತು ತಿದ್ದಿದೆ. ತಿದ್ದುವಾಗ ವ್ಯಾಕರಣ ಕಲಿತದ್ದು ಉಪಯೋಗಕ್ಕೆ ಬಂತು. 'ಉಡವನ್ನು ಓಡಿಸಿದವಳು ಸೆಲ್ವಿಯಂತೆ' ಎಂದು ಬರೆದೆ. ಆ ಒಂದು 'ಅಂತೆ'ಯಲ್ಲಿ ನನ್ನ ಸಂಶಯವನ್ನೂ ಪ್ರತಿಭಟನೆಯನ್ನೂ ತುಂಬಿಸಿದ ತೃಪ್ತಿಯಲ್ಲಿ ಪೆಟ್ಟಿಗೆಯನ್ನೇ ಜೆರಾಕ್ಸ್ ಅಂಗಡಿಗೆ ಹೊತ್ತು, ಅಲ್ಲಿನ ಪ್ರಿಂಟರಿಗೆ ಸಿಕ್ಕಿಸಿ ಪ್ರಿಂಟ್ ತೆಗೆಸಿದೆ. ಸೆಲ್ವಿಗೆ ಗೊತ್ತಾಗಲಿಲ್ಲ.

ಭಾನುವಾರ ಎಲ್ಲರೂ ಸೇರಿದೆವು. ಪುಸ್ತಕ ಕೈಯಿಂದ ಕೈಗೆ ಹೋಯಿತು. ನಮ್ಮ ಸಾಲಿನ ತೆಲುಗು ಮನೆಯ ಸರಳಮ್ಮ ಗಟ್ಟಿಯಾಗಿ ಓದುತ್ತಾ ಉಡದ ಪುಟಕ್ಕೆ ಬಂದು ನಿಲ್ಲಿಸಿದಳು. "ಇದರಲ್ಲಿ 'ಅಂತೆ' ಏನೇ ಶಾರದಾ? ನಾವೆಲ್ಲ ಅಲ್ಲೇ ಇದ್ವಲ್ಲ. ನೀನು ನೀರಿನ ತೊಟ್ಟಿ ಹತ್ತಿ ಕೂತಿದ್ದೆ. ಉಡ ಹೋದ ಮೇಲೂ ಇಳೀಲಿಲ್ಲ. ನಿಮ್ಮಪ್ಪ ಶಿಫ್ಟ್ ಮುಗಿಸಿ ಬಂದು ಇಳಿಸ್ಬೇಕಾಯ್ತು," ಎಂದಳು. ಅಷ್ಟೂ ಜನ ಹೌದೌದು ಎಂದು ನಕ್ಕ ನಗೆಗೆ ನಾನೊಬ್ಬಳು ಎಷ್ಟೆಂದು ಎದುರು ನಿಲ್ಲಲಿ! ಉಡ ತಾನಾಗಿಯೇ ಹೊರಟಿತ್ತು, ಸೆಲ್ವಿಯ ಪೊರಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಆದರೂ ವಾದಿಸಿದೆ. ಊಟದ ಎಲೆ ಹಾಕುವವರೆಗೂ ವಾದಿಸಿದೆ.

ಸಂಜೆ ಮನೆಗೆ ಬಂದು ಯಜಮಾನರಿಗೂ ಅದನ್ನೇ ಹೇಳಿದೆ. ಅವರು ಪೇಪರ್ ಮಡಿಸಿಟ್ಟು ಪೂರ್ತಿ ಕೇಳಿದರು. ಕೇಳಿ, "ಇರ್ಬೋದು ಮಾರಾಯ್ತಿ. ಉಡ ತಾನಾಗೇ ಹೋಗಿರ್ಬೋದು. ಹೋಗುವಾಗ ಅದರ ಪಟ್ಟು ಮಾತ್ರ ನಿನ್ನ ಹತ್ರ ಬಿಟ್ಟು ಹೋಗಿದೆ," ಎಂದರು.