ಕೊರಗ ಭಾವನ ಕೋವಿಗೆ ಸೈಲೆನ್ಸರ್

ಲಿಯೋ: ಮೊದಲು ಕೋವಿಗೆ ಸೈಲೆನ್ಸರ್ ಹಾಕಿಸು, ಆಮೇಲೆ ನನ್ನ ಸಹಿ ಕೇಳು.

ಗೋಪಿನಾಥ್: ಪೊರ್ಬುಗಳೇ, ಅದು ನಮ್ಮ ಭಾವನ ಅಜ್ಜನ ಕಾಲದ ಒಂಟಿನಳಿಗೆ ಕೋವಿ. ಹಿಡಿ ಬಿದ್ದುಹೋಗದ ಹಾಗೆ ತಂತಿ ಸುತ್ತಿದ್ದಾರೆ. ಸೈಲೆನ್ಸರ್ ಎಲ್ಲಿಗೆ ಸಿಕ್ಕಿಸುದು?

ಲಿಯೋ: ಅದು ಕೋವಿ ಇಟ್ಟುಕೊಂಡವರ ತಲೆನೋವು.

ದೋಹಾದ ಬಿನ್ ಮಹಮೂದಿನಲ್ಲಿ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿ, ಶುಕ್ರವಾರದ ಬೆಳಿಗ್ಗೆ. ಲಿಯೋ ರಾಸ್ ಲಫಾನಿನ ಗುತ್ತಿಗೆ ಕಂಪೆನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್; ಕಾಗದಗಳನ್ನು ಓದಿ, ತಿದ್ದಿಸಿ, ರಿವಿಷನ್ ನಂಬರ್ ಹಾಕಿ ಇಡುವ ಕೆಲಸ. ಗೋಪಿನಾಥ್‌ಗೆ ನಜ್ಮಾದಲ್ಲಿ ಟೈಲರ್ ಅಂಗಡಿ. ಊರಿನಲ್ಲಿ, ಶಿರ್ವದ ಹತ್ತಿರ, ಇಬ್ಬರದೂ ಅಕ್ಕಪಕ್ಕದ ಜಾಗ; ಅಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವ ರೂಢಿ. ಲಿಯೋ ಅಲ್ಲಿ ಹೊಸ ಮನೆ ಕಟ್ಟಿಸಿ ಹೋಮ್‌ಸ್ಟೇ ಎಂದು ಬೋರ್ಡು ಹಾಕಿದ್ದಾನೆ. ಬೇಲಿಯ ಆಚೆಗೆ ಗೋಪಿನಾಥನ ತೆಂಗಿನ ತೋಟ. ಅದನ್ನು ನೋಡಿಕೊಳ್ಳುವವರು ಅವನ ಅಕ್ಕನ ಗಂಡ, ಕೊರಗ ಭಾವ. ಮಂಗಗಳು ಬಂದಾಗ ಭಾವ ತಮ್ಮ ಲೈಸನ್ಸಿನ ಕೋವಿ ಎತ್ತುತ್ತಾರೆ. ಆ ಸದ್ದಿಗೆ ಲಿಯೋನ ಮೊದಲ ಅತಿಥಿಗಳು ನಸುಕಿನಲ್ಲೇ ಗಂಟುಮೂಟೆ ಕಟ್ಟಿದ್ದರು. ಕಳೆದ ರಜೆಯಲ್ಲಿ ಅವನು ಠಾಣೆಗೆ ದೂರು ಕೊಟ್ಟು ದೋಹಾಕ್ಕೆ ಮರಳಿದ. ದೂರು ಇತ್ಯರ್ಥವಾಗುವವರೆಗೆ ಕೋವಿ ಠಾಣೆಯಲ್ಲಿರಲಿ ಎಂದಾಯಿತು. ಅಂದಿನಿಂದ ತೋಟದಲ್ಲಿ ಒಂದು ಎಳನೀರೂ ಉಳಿಯುತ್ತಿಲ್ಲ. ದೂರು ಹಿಂತೆಗೆದುಕೊಳ್ಳುವ ಕಾಗದ ಬರೆದು, ಲಿಯೋನ ಸಹಿಗಾಗಿ ಗೋಪಿನಾಥ್ ಬಂದು ಕೂತಿದ್ದ.

ಕಿಟಕಿಯ ಎ.ಸಿ. ಏರು ಹತ್ತುವ ಲಾರಿಯಂತೆ ಅರಚುತ್ತಿತ್ತು. ಇಬ್ಬರೂ ಗಂಟಲು ಏರಿಸಿಯೇ ಮಾತಾಡಬೇಕಿತ್ತು.

ಗೋಪಿನಾಥ್: ಈ ಎ.ಸಿ.ಯ ಅಡಿಯಲ್ಲಿ ಇಷ್ಟು ವರ್ಷ ನಿದ್ದೆ ಮಾಡಿದವರು ನೀವು. ಊರಿನ ಒಂದು ಗುಂಡಿನ ಸದ್ದು ತಡೆಯಲಿಕ್ಕೆ ಆಗುದಿಲ್ಲವಾ?

ಲಿಯೋ: ನನಗಲ್ಲ ಮಾರಾಯ, ಗೆಸ್ಟಿಗೆ. ಒಂದೇ ಸ್ಟಾರ್ ಕೊಟ್ಟು, ಇದು ಯುದ್ಧಭೂಮಿ ಅಂತ ಬರೆದಿದ್ದಾರೆ.

ಅಡುಗೆಮನೆಯಿಂದ ಲಿಯೋನ ಹೆಂಡತಿ ಬರ್ನಡೆಟ್ ಇಣುಕಿದಳು.

ಬರ್ನಡೆಟ್: ಬಾತ್‌ರೂಮಿನಲ್ಲಿ ನೀರು ಬರುದಿಲ್ಲ ಅಂತಲೂ ಬರೆದಿದ್ದಾರೆ. ಅದನ್ನೂ ಹೇಳಿ.

ಲಿಯೋ ಕೇಳಿಸದವನಂತೆ ಲ್ಯಾಪ್‌ಟಾಪ್ ತೆರೆದ. ಬರ್ನಡೆಟ್‌ಳ ತಮ್ಮ ಡ್ಯಾರೆಲ್ ಟೆಕ್ಸಾಸಿನಲ್ಲಿದ್ದಾನೆ; ಅವನು ಈಚೆಗೆ ತನ್ನ ಬಂದೂಕಿಗೆ ಸೈಲೆನ್ಸರ್ ಕೊಂಡಿದ್ದ. ಅದರ ಕಾಗದಪತ್ರಗಳ ಕಥೆಯನ್ನೆಲ್ಲ ಲಿಯೋ ಫೋನಿನಲ್ಲಿ ಕೇಳಿ ತಿಳಿದು ಒಂದು ಫೋಲ್ಡರ್ ಮಾಡಿಟ್ಟಿದ್ದ.

ಲಿಯೋ: ನೋಡು, ಅಲ್ಲಿ ಎಲ್ಲ ಕಾನೂನು ಪ್ರಕಾರ. ಮೊದಲು ಲೈಸನ್ಸಿನ ಅಂಗಡಿಯಲ್ಲಿ ಹಣ ಕಟ್ಟುದು. ಡ್ಯಾರೆಲ್ ಎಂಟುನೂರು ಡಾಲರ್ ಕಟ್ಟಿದ.

ಗೋಪಿನಾಥ್: ಕೋವಿ ಸೇರಿ?

ಲಿಯೋ: ಕೋವಿ ಬೇರೆ. ಇದು ಸೈಲೆನ್ಸರ್ ಮಾತ್ರ.

ಗೋಪಿನಾಥ್: ಅಂದರೆ ಒಂದು ಕೊಳವೆ.

ಲಿಯೋ: ಕೊಳವೆ ಅಂತ ಹೇಳಬೇಡ. ಅದಕ್ಕೆ ಸೀರಿಯಲ್ ನಂಬರ್ ಉಂಟು. ಆಮೇಲೆ ಫಾರ್ಮ್ ತುಂಬಿಸುದು. ಫೋಟೋ. ಹತ್ತೂ ಬೆರಳಿನ ಗುರುತು. ಆ ಊರಿನ ಪೊಲೀಸ್ ಮುಖ್ಯಸ್ಥನಿಗೆ ಒಂದು ಪ್ರತಿ. ಮೇಲಿಂದ ಇವನ ಪೂರ್ವಾಪರದ ತನಿಖೆ.

ಗೋಪಿನಾಥ್: ಭಾವನಿಗೆ ಅಕ್ಕನನ್ನು ಕೊಡುವಾಗ ನಾವು ಇದರ ಕಾಲುಭಾಗ ತನಿಖೆ ಮಾಡಲಿಲ್ಲ.

ಲಿಯೋ: ಮೊದಲು ಇನ್ನೂರು ಡಾಲರ್ ತೆರಿಗೆಯೂ ಇತ್ತು. ಈ ವರ್ಷದಿಂದ ಅದು ಸೊನ್ನೆ.

ಗೋಪಿನಾಥ್: ಹಾಗಾದರೆ ಫಾರ್ಮೂ ಇಲ್ಲ.

ಲಿಯೋ: ಫಾರ್ಮ್ ಉಂಟು. ತೆರಿಗೆ ಸೊನ್ನೆ ಅಂತ ಅದರಲ್ಲಿಯೇ ಬರುದು.

ಗೋಪಿನಾಥ್: ಸೊನ್ನೆ ಕಟ್ಟಿದ್ದಕ್ಕೆ ರಶೀದಿಯೂ ಕೊಟ್ಟಾರು. ಇಷ್ಟೆಲ್ಲ ಆದ ಮೇಲೆ ಸದ್ದು ಪೂರ್ತಿ ನಿಲ್ತದಾ?

ಲಿಯೋ: ಪೂರ್ತಿ ಅಲ್ಲ. ಕಡಿಮೆಯಾಗ್ತದೆ.

ಬರ್ನಡೆಟ್: ಡ್ಯಾರೆಲನ ನಾಯಿ ಈಗಲೂ ಮಂಚದ ಅಡಿಗೆ ಓಡ್ತದಂತೆ.

ಗೋಪಿನಾಥ್ ಚಾ ಕುಡಿದು ಲೋಟ ಕೆಳಗಿಟ್ಟ.

ಗೋಪಿನಾಥ್: ಸರಿ, ಡ್ಯಾರೆಲನ ಕೈಯಲ್ಲಿ ನಮಗೂ ಒಂದು ತರಿಸಿ.

ಲಿಯೋ: ಮಾತು ಹಗುರ ಆಯ್ತು ನಿನ್ನದು. ಅಲ್ಲಿಂದ ಹೊರಗೆ ತರಲಿಕ್ಕೆ ಅವರ ಸರಕಾರದ ಬೇರೆಯೇ ಅನುಮತಿ ಬೇಕು. ದೋಹಾದ ಮೇಲೆ ತಂದರೆ ಏರ್‌ಪೋರ್ಟಿನಲ್ಲೇ ಖಲಾಸ್. ನಮ್ಮ ದೇಶದಲ್ಲಿ ಅದು ನಿಷೇಧದ ಪಟ್ಟಿಯಲ್ಲಿ ಉಂಟು. ದಿಲ್ಲಿಯಿಂದ ಅಪ್ಪಣೆ ಆಗಬೇಕು.

ಗೋಪಿನಾಥ್: ತೋಟದವರಿಗೆ ಯಾರಿಗಾದರೂ ಸಿಕ್ಕಿದ್ದುಂಟಾ?

ಲಿಯೋ: ನಮ್ಮಂಥವರಿಗೆ ಸಿಗುದಿಲ್ಲ. ಆದರೆ ಅರ್ಜಿ ಹಾಕಬಹುದಲ್ಲ. ನಾನು ಡ್ರಾಫ್ಟ್ ಮಾಡಿಟ್ಟಿದ್ದೇನೆ. ಇದು ರಿವಿಷನ್ ಮೂರು.

ಗೋಪಿನಾಥ್: ಸಿಗದ ಸಾಮಾನಿಗೆ ಅರ್ಜಿ ಬರೆದು, ಅದನ್ನು ಮೂರು ಸಲ ತಿದ್ದಿದ್ದೀರಿ. ಕಂಪೆನಿ ಇದಕ್ಕೇ ಸಂಬಳ ಕೊಡುದಾ?

ಲಿಯೋ: ನಿನ್ನ ಹಾಗೆ ಚಾಕ್ ಪೀಸಿನಲ್ಲಿ ಗೆರೆ ಎಳೆದು ಕತ್ತರಿಸುವ ಕೆಲಸ ಅಲ್ಲ ಇದು.

ಗೋಪಿನಾಥ್: ಆಯ್ತು. ದಿಲ್ಲಿಯವರು ಕೊಟ್ಟರು ಅಂತಲೇ ಇಟ್ಟುಕೊಳ್ಳುವ. ಭಾವ ಕೋವಿ ಹೊಡೆದರು, ಸದ್ದು ಬರಲಿಲ್ಲ. ಮರದ ಮೇಲಿನ ಮಂಗ ಎಂತ ಮಾಡ್ತದೆ?

ಲಿಯೋ: ಓಡ್ತದೆ.

ಗೋಪಿನಾಥ್: ಎಂತಕ್ಕೆ?

ಲಿಯೋ ಫೋಲ್ಡರಿನಲ್ಲಿ ಉತ್ತರ ಹುಡುಕತೊಡಗಿದ.

ಗೋಪಿನಾಥ್: ಭಾವ ಮಂಗಕ್ಕೆ ಗುರಿ ಇಡುದಿಲ್ಲ, ಆಕಾಶಕ್ಕೆ ಹೊಡೆಯುದು. ಆ ಕೋವಿಯಿಂದ ನಮಗೆ ಆಗುವ ಉಪಕಾರ ಸದ್ದು ಒಂದೇ. ಅದನ್ನೂ ತೆಗೆದರೆ ಭಾವ ಮರದ ಬುಡದಲ್ಲಿ ಪೈಪು ಹಿಡಿದು ನಿಂತ ಹಾಗೆ.

ಲಿಯೋ: ಅದು ಟೆಕ್ನಿಕಲ್ ವಿಷಯ. ನಾನು ನೋಡುದು ಪೇಪರ್ ಮಾತ್ರ.

ಹಾಗೆಂದು ಅವನು ಗೋಪಿನಾಥನ ಕಾಗದವನ್ನು ಎರಡು ಬೆರಳಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮೂಗು ಮುರಿದ.

ಲಿಯೋ: ಇದೆಂತದು? ಅಂಗಡಿಯ ಬಿಲ್ಲಿನ ಬೆನ್ನಿಗೆ ಬರೆದದ್ದಾ? ಕತಾರಿನಲ್ಲಿ ಸಹಿ ಹಾಕಿದ ಕಾಗದ ಊರಿನ ಠಾಣೆಯಲ್ಲಿ ನಡೆಯಬೇಕಾದರೆ ಎಂಬೆಸಿಯಲ್ಲಿ ಅಟೆಸ್ಟ್ ಆಗಬೇಕು. ಅಪಾಯಿಂಟ್‌ಮೆಂಟ್, ಫೋಟೋ, ಪಾಸ್‌ಪೋರ್ಟ್, ಖುದ್ದು ಹಾಜರಿ. ಅಟೆಸ್ಟ್ ಆಗದ ಕಾಗದವನ್ನು ಕಾಗದ ಅಂತ ಹೇಳುವವನೇ ಅಲ್ಲ ನಾನು.

ಅಷ್ಟರಲ್ಲಿ ಬರ್ನಡೆಟ್ ಫೋನ್ ಹಿಡಿದುಕೊಂಡು ಬಂದಳು. ಊರಿನ ಮನೆಯ ಬೀಗದಕೈ ಇರುವುದು ಲಿಯೋನ ತಂಗಿ ಮರೀನಾಳ ಹತ್ತಿರ. ಅವಳು ವೀಡಿಯೊ ಕಳಿಸಿದ್ದಳು. ಹೊಸ ಮನೆಯ ಮಾಡಿನ ತುಂಬ ಮಂಗಗಳು. ಅವುಗಳಲ್ಲಿ ಎರಡು, ಹೆಂಚು ಕಿತ್ತು ಕೆಳಗೆ ಎಸೆಯುತ್ತಿದ್ದವು. ಇನ್ನೊಂದು ನೀರಿನ ಟ್ಯಾಂಕಿನ ಮೇಲೆ ಅತಿಥಿಗಳ ದಿಂಬು ಹರಿದು ಹತ್ತಿ ಪರೀಕ್ಷಿಸುತ್ತಿತ್ತು.

ಬರ್ನಡೆಟ್: ತೋಟದ ಎಳನೀರು ಮುಗಿದ ಮೇಲೆ ಎಲ್ಲ ಬೇಲಿ ಹಾರಿ ನಮ್ಮಲ್ಲಿಗೆ ಬಂದಿವೆಯಂತೆ. ಮೊದಲು ಕೋವಿಯ ಸದ್ದಿಗೆ ಈ ಕಡೆ ತಲೆ ಹಾಕ್ತಿರಲಿಲ್ಲ ಅಂತ ಮರೀನಾ ಬೈತಾ ಇದ್ದಾಳೆ.

ಲಿಯೋ: ಆ ಬಾಲ ನೇತಾಡುದು ನಮ್ಮ ಸೋಲಾರ್ ಪ್ಯಾನೆಲಿನ ಮೇಲಿಂದ ಅಲ್ಲವಾ? ನಾಡಿದ್ದು ಗೆಸ್ಟ್ ಬರುವವರಿದ್ದಾರೆ.

ಗೋಪಿನಾಥ್: ಬಂದಾಯಿತಲ್ಲ. ಇವರಿಗೂ ಕೋವಿಯ ಸದ್ದು ಆಗುದಿಲ್ಲ. ಎಷ್ಟು ಸ್ಟಾರ್ ಕೊಡ್ತಾರೆ ನೋಡುವ.

ಲಿಯೋ ಪೆನ್ನು ಹುಡುಕಿದ. ಬರ್ನಡೆಟ್ ಕೊಟ್ಟಳು. ಬಿಲ್ಲಿನ ಬೆನ್ನಿನ ಕಾಗದದ ಮೇಲೆ ಅವನು ಓದದೆ ಸಹಿ ಹಾಕಿದ. ಕೆಲಸಕ್ಕೆ ಸೇರಿದ ಮೇಲೆ ಬಹುಶಃ ಮೊದಲ ಸಲ.

ಲಿಯೋ: ಇದರ ಫೋಟೋ ತೆಗೆದು ಈಗಲೇ ಭಾವನಿಗೆ ಕಳಿಸು. ಮಧ್ಯಾಹ್ನದ ಒಳಗೆ ಕೋವಿ ಬಿಡಿಸಿಕೊಳ್ಳಲಿ. ಸ್ವಲ್ಪ ನಮ್ಮ ಮಾಡಿನ ಹತ್ತಿರ ಬಂದು ಹೊಡೆಯಲಿ.

ಗೋಪಿನಾಥ್ ಕಾಗದವನ್ನು ಬೆಳಕಿಗೆ ಹಿಡಿದ. ಮೂಗು ಮುರಿದ.

ಗೋಪಿನಾಥ್: ಇದು ನಡೆಯುದಿಲ್ಲ ಪೊರ್ಬುಗಳೇ. ಅಟೆಸ್ಟ್ ಆಗಿಲ್ಲ.

ಲಿಯೋ: ಇವತ್ತು, ನಾಳೆ ರಜೆ. ಎಂಬೆಸಿ ತೆರೆಯುದು ಆದಿತ್ಯವಾರ.

ಗೋಪಿನಾಥ್: ಹೌದು. ಅಪಾಯಿಂಟ್‌ಮೆಂಟ್, ಫೋಟೋ, ಪಾಸ್‌ಪೋರ್ಟ್, ಖುದ್ದು ಹಾಜರಿ. ನಾನು ಅಳತೆ ತೆಗೆಯುವವ, ಪೇಪರಿನ ವಿಷಯ ನಿಮಗೇ ಗೊತ್ತು.

ಅವನು ಎದ್ದು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡ.

ಬರ್ನಡೆಟ್: ಗೋಪಿನಾಥಣ್ಣ, ಅಲ್ಲಿಯವರೆಗೆ ಮರೀನಾ ಎಂತ ಮಾಡುದು?

ಗೋಪಿನಾಥ್: ಎಣ್ಣೆಯ ಡಬ್ಬ ಬಡಿಯಲಿ, ಬಾಯಮ್ಮ. ಅದಕ್ಕೆ ಲೈಸನ್ಸ್ ಬೇಡ. ಮೆಲ್ಲ ಬಡಿಯಲಿಕ್ಕೆ ಹೇಳಿ, ಅಷ್ಟೇ. ಕೋವಿ ಹೋದ ಮೇಲೆ ಭಾವನಿಗೆ ಬೆಳಿಗ್ಗೆ ಒಳ್ಳೆಯ ನಿದ್ದೆ. ಎಚ್ಚರಾದರೆ ಠಾಣೆಗೆ ಹೋಗಿ ಸದ್ದಿನ ದೂರು ಕೊಟ್ಟಾರು.