ಮಾವನ ಮೀಟರು, ತಂಗಿಯ ಹಾಲು

ನಮ್ಮ ಸೋದರಮಾವನ ಪ್ರಕಾರ ಈ ಪ್ರಪಂಚದಲ್ಲಿರುವುದು ಎರಡೇ: ವೋಲ್ಟೇಜು ಮತ್ತು ಕರೆಂಟು. ಉಳಿದದ್ದೆಲ್ಲ ಬರೀ ಗುಣಾಕಾರ, ಭಾಗಾಕಾರ! ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಬಂತು, ಎರಡನ್ನೂ ಗುಣಿಸಿದರೆ ವ್ಯಾಟು ಬಂತು. ಇಷ್ಟು ಗೊತ್ತಿದ್ದವನಿಗೆ ಇನ್ನೇನು ಬೇಕು ಎನ್ನುತ್ತಾರೆ. ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ ವಾಸ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತರಾದದ್ದು ಸ್ಕೂಲಿನಿಂದ ಮಾತ್ರ, ಪಾಠದಿಂದಲ್ಲ!

ಬಂಗಾರಪೇಟೆಯ ನಮ್ಮ ಮನೆಗೆ ಬರುವಾಗ ಮಾರಿಕುಪ್ಪಂ ಟ್ರೈನಿನಲ್ಲಿ ಅವರಿಗೆ ಸೀಟು ಸಿಗದ ದಿನವಿಲ್ಲ. ಕೆಂಪು, ಕಪ್ಪು ವೈರುಗಳು ನೇತಾಡುವ ಮೀಟರನ್ನು ಎದೆಗವಚಿಕೊಂಡು ನಿಂತರೆ ಸಾಕು, ಕೂತವರು ತಾವಾಗಿಯೇ ಎದ್ದು ದೂರ ಸರಿಯುತ್ತಾರೆ. ವಯಸ್ಸಿಗೆ ಈಗಲೂ ಎಷ್ಟು ಮರ್ಯಾದೆ ಇದೆ ನೋಡು ಎಂದು ಮಾವ ಬೀಗುತ್ತಾರೆ.

ಒಮ್ಮೆ ಬಂದವರು ಕಾಫಿಯನ್ನು ಆರಲು ಬಿಟ್ಟು ನೇರವಾಗಿ ಬಚ್ಚಲಮನೆಗೆ ಹೋದರು. ಗೀಸರಿನ ನಾಡಿ ಹಿಡಿದು ಹೊರಗೆ ಬಂದು, "ಏನ್ಲಾ, ಎರಡು ಸಾವಿರ ವ್ಯಾಟು ಅಂತ ಅದರ ಮ್ಯಾಲೆ ಬರ್ದವ್ರೆ. ಇಲ್ಲಿ ಇನ್ನೂರು ವೋಲ್ಟು, ಏಳೂವರೆ ಆಂಪ್ಸು. ಸಾವಿರದೈನೂರೇ ಕಣ್ಲಾ ಆಗೋದು," ಎಂದರು. ನನ್ನ ಹೆಂಡತಿ ಅಂಗಡಿಯವನ ಮೇಲೆ ಜಗಳಕ್ಕೆ ಹೊರಟೇಬಿಟ್ಟಳು. ಮಾವ ತಡೆದರು. ಗೀಸರಿನ ರೋಧ ಇಪ್ಪತ್ತಾರು ಚಿಲ್ಲರೆ ಓಮ್, ಅದು ಸರಿಯಾಗಿಯೇ ಇದೆಯಂತೆ. ನಮ್ಮ ಬೀದಿಗೆ ಬರುವ ವೋಲ್ಟೇಜೇ ಕಡಿಮೆಯಂತೆ. ಅಂದಿನಿಂದ ನೀರು ಕಾಯದಿದ್ದರೆ ನಮ್ಮ ಮನೆಯಲ್ಲಿ ಯಾರೂ ಗೀಸರನ್ನು ಬೈಯುವುದಿಲ್ಲ, ಬೀದಿಯನ್ನು ಬೈಯುತ್ತೇವೆ.

ಇಂಥ ಮಾವನ ಕೈಗೆ ನನ್ನ ತಂಗಿಯ ಗೃಹಪ್ರವೇಶದ ಹಾಲು ಸಿಕ್ಕಿತು ಎಂದರೆ ಕೇಳಬೇಕೆ!

ತಂಗಿಯನ್ನು ಬೇತಮಂಗಲದ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಅವಳು ತೊಟ್ಟಿಲಲ್ಲಿದ್ದಾಗಲೇ ನಮ್ಮ ತಂದೆ ತೀರಿಕೊಂಡರು. ಅವಳ ಅತ್ತೆ ಕೆಟ್ಟವರೇನಲ್ಲ. ಆದರೆ ಸಾರಿಗೆ ಉಪ್ಪು ಹೆಚ್ಚಾದರೂ, ಹಸು ಒದ್ದರೂ, "ಪಾಪ, ಅಪ್ಪ ಇಲ್ದೆ ಬೆಳೆದ ಹುಡ್ಗಿ" ಎಂದು ನಿಟ್ಟುಸಿರು ಬಿಡುವ ಅಭ್ಯಾಸ. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ ಎಂದು ತಂಗಿ ನನ್ನೊಬ್ಬನ ಹತ್ತಿರ ಹೇಳಿಕೊಂಡಿದ್ದಳು. ಹೊಸ ಮನೆಯಲ್ಲಿ ಆ ಒಂದು ದಿನವಾದರೂ ಏನೂ ಎಡವಟ್ಟಾಗದಿರಲಿ ಎನ್ನುವುದಷ್ಟೇ ಅವಳ ಆಸೆ.

ಗ್ಯಾಸ್ ಇನ್ನೂ ಬಂದಿರಲಿಲ್ಲ. ಸೌದೆ ಹಚ್ಚಿದರೆ ಬಿಳೀ ಗೋಡೆ ಕಪ್ಪಾಗುತ್ತದೆ, ಕರೆಂಟ್ ಒಲೆ ನಾನು ತರುತ್ತೇನೆ ಎಂದರು ಮಾವ. ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಅಳೆದರು. ಇನ್ನೂರ ಮೂವತ್ತು ವೋಲ್ಟು, ನಾಲ್ಕು ಪಾಯಿಂಟ್ ಮೂರು ಆಂಪ್ಸು. ಹತ್ತಿರ ಹತ್ತಿರ ಸಾವಿರ ವ್ಯಾಟು. ಮುಹೂರ್ತದೊಳಗೆ ಹಾಲು ಉಕ್ಕದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಬೀಗರ ಮುಂದೆ ಸವಾಲು ಹಾಕಿದರು. ಮಾವನಿಗೆ ಮೀಸೆ ಇಲ್ಲ ಎನ್ನುವುದು ಬೇರೆ ಮಾತು!

ಮರುದಿನ ಬೆಳಿಗ್ಗೆ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿ ಒಲೆಯ ಮೇಲಿಟ್ಟಾಯಿತು. ನೆಂಟರೆಲ್ಲ ಸುತ್ತ ನಿಂತರು. ಹಾಲು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಸುಮ್ಮನಿತ್ತು. ಮಾವ ಮೀಟರು ಇಟ್ಟು ನೋಡಿ ಬೆವತುಹೋದರು. ನೂರೈವತ್ತು! ಆ ಹಳ್ಳಿಯಲ್ಲಿ ಹೊಲದ ಮೋಟರುಗಳಿಗೆ ಕರೆಂಟು ಬಿಡುವುದೇ ಬೆಳಿಗ್ಗೆ. ಬೋರ್‌ವೆಲ್ಲುಗಳೆಲ್ಲ ಒಟ್ಟಿಗೆ ಶುರುವಾಗಿದ್ದವು. ವೋಲ್ಟೇಜು ಮೂರರಲ್ಲೊಂದು ಪಾಲು ಇಳಿದರೆ ಒಲೆ ಎಳೆಯುವ ಕರೆಂಟೂ ಅಷ್ಟೇ ಇಳಿಯುತ್ತದೆ. ಗುಣಿಸಿ ನೋಡಿದರೆ ಕಾವು ಅರ್ಧವೂ ಉಳಿಯುವುದಿಲ್ಲ. ಮಕ್ಕಳಿಗೆಲ್ಲ ಇದನ್ನು ಹೇಳಿಕೊಟ್ಟ ಮೇಷ್ಟ್ರು ಮಧ್ಯಾಹ್ನದ ಅಳತೆ ನಂಬಿಕೊಂಡು ಬೆಳಗಿನ ಹಾಲಿಟ್ಟಿದ್ದರು.

ಸೌದೆ ಒಲೆಗೆ ಇಡೋಣವೆಂದರೆ ಪೂಜೆಯಾದ ಪಾತ್ರೆಯನ್ನು ಉಕ್ಕುವವರೆಗೆ ಇಳಿಸುವಂತಿಲ್ಲ. ಮುಹೂರ್ತ ಮುಗಿಯಲು ಕಾಲು ಗಂಟೆ ಉಳಿದಿತ್ತು. ತಂಗಿಯ ಕಣ್ಣು ತುಂಬಿತು. ಅತ್ತೆ ಬಾಯಿಗೆ ಸೆರಗು ಹಿಡಿದು ಉಸಿರೆಳೆದುಕೊಂಡರು. ಮುಂದಿನ ಮಾತು ಏನೆಂದು ನಮಗೆಲ್ಲ ಗೊತ್ತಿತ್ತು. ಮಾವ ವೈರು ಸಿಕ್ಕಿಸಿದ ಹಾಗೆಯೇ ಮೀಟರನ್ನು ನನ್ನ ಕೈಗೆ ತುರುಕಿ ಹಿತ್ತಿಲ ಬಾಗಿಲಿನಿಂದ ಮಾಯವಾದರು. ಮುಖ ತೋರಿಸಲಾಗದೆ ಕೋರಮಂಡಲ್‌ಗೆ ಓಡಿದರೆಂದೇ ನಾನು ತಿಳಿದೆ.

ಸ್ವಲ್ಪ ಹೊತ್ತಿಗೆ ಮೀಟರಿನ ಅಂಕಿ ಅಲುಗಿತು. ನೂರರವತ್ತು. ದೂರದಲ್ಲಿ ಒಂದು ಮೋಟರಿನ ಸದ್ದು ನಿಂತಿತ್ತು. ಆಮೇಲೆ ಇನ್ನೊಂದರದು. ನೂರೆಂಬತ್ತು. ನಿಂತಲ್ಲಿಂದಲೇ ಕಿಟಕಿಯಲ್ಲಿ ಇಣುಕಿದೆ. ಮಾವ ಪಂಚೆ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ, ಬದುವಿನಿಂದ ಬದುವಿಗೆ ಓಡುತ್ತಿದ್ದರು. ಹೊಲದಲ್ಲಿ ಕಂಡವರಿಗೆಲ್ಲ ಕೈ ಮುಗಿಯುತ್ತಿದ್ದರು. ಹೆಡ್‌ಮಾಸ್ಟರಿಗೂ ತಲೆಬಾಗದ ಮನುಷ್ಯ!

ಇನ್ನೂರ ಹತ್ತು. ಹಾಲು ನೊರೆಗಟ್ಟಿ ಮೇಲೆದ್ದು, ಪೂರ್ವದ ಕಡೆಗೇ ಉಕ್ಕಿ ಚೆಲ್ಲಿತು. ಮುಹೂರ್ತ ಇನ್ನೂ ಇತ್ತು.

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಮಾವ ಹಿತ್ತಿಲಲ್ಲೇ ನಿಂತುಬಿಟ್ಟರು, ಒಳಗೆ ಬರಲೊಲ್ಲರು. ಅವರ ಹಿಂದೆಯೇ ಬಂದ ಪಕ್ಕದ ಹೊಲದವನು ನಗುತ್ತಾ, "ಏನಮ್ಮಾ, ಈವಯ್ಯ ಬಂದು, ‘ನಮ್ಮ ಮಗಳ ಮನೇಲಿ ಹಾಲು ಉಕ್ಬೇಕು, ಒಂದು ಗಳಿಗೆ ಮೋಟ್ರು ನಿಲ್ಸಪ್ಪಾ’ ಅಂತ ಕೈ ಮುಗಿದುಬಿಟ್ರು. ಇಲ್ಲ ಅನ್ನಕ್ಕಾಯ್ತದಾ?" ಎಂದ.

ಸೋದರಸೊಸೆ ಎಂದಿರಲಿಲ್ಲ, ಮಗಳು ಎಂದಿದ್ದರು.

ಅತ್ತೆ ತಾವೇ ಚೊಂಬಿನಲ್ಲಿ ನೀರು ತಂದರು. "ಒಳೀಕ್ ಬನ್ನಿ ಅಣ್ಣ," ಎಂದರು. "ಇವಳಿಗೆ ಅಪ್ಪ ಇಲ್ಲ ಅಂತ ಇನ್ನೊಂದು ಸಲ ನಾನು ಅನ್ನಲ್ಲ."

ತಂಗಿ ಅವರ ಕೈಯಿಂದ ಚೊಂಬು ತೆಗೆದುಕೊಂಡು, ಬಾಗಿ, ಮಾವನ ಕಾಲಿನ ಕೆಸರನ್ನು ತಾನೇ ತೊಳೆದಳು.